ಅಳಿಸಿದರೂ ಒಂದು ಚುಕ್ಕಿ

ಬೆಳಗಿನಿಂದ ಅವನು ಅಳಿಸುವ ಗುಂಡಿಯನ್ನು ಮುಟ್ಟಿರಲಿಲ್ಲ. ಕೀಲಿಮಣೆಯ ಬಲಮೂಲೆಯಲ್ಲಿ, ಉಳಿದವಕ್ಕಿಂತ ತುಸು ಉದ್ದವಾಗಿ, ಯಾರ ತಂಟೆಗೂ ಹೋಗದ ಸಾಧುವಿನಂತೆ ಅದು ಕೂತಿತ್ತು. ಕಚೇರಿಗೆ ರಜೆ ಕೇಳಿ ಬರೆಯುವಾಗ ಎರಡು ಕಡೆ ಬೆರಳು ತಪ್ಪಿತು. ತಪ್ಪಿದ್ದನ್ನು ಹಾಗೆಯೇ ಬಿಟ್ಟು ಕಳುಹಿಸಿದ. ಇಷ್ಟು ವರ್ಷ ದಿನಕ್ಕೆ ಎಷ್ಟು ಸಲ ಅದನ್ನು ಒತ್ತಿದ್ದನೋ. ಒತ್ತಿದ ಕೂಡಲೇ ಅಕ್ಷರ ಹೋಗುತ್ತದೆ, ಹೋದದ್ದು ಎಲ್ಲಿಗೂ ಹೋಗಿಲ್ಲದಿರಬಹುದು ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಕನ್ನಡಿಯ ಮುಂದೆ ನಿಂತು ಶರ್ಟು ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಮೇಲಿನ ಗುಂಡಿ ಕೆಳಗಿನ ತೂತಿಗೆ ಹಾಕಿದೀರ. ಮೇಷ್ಟ್ರ ಮನೆಗೆ ಹೋಗ್ತಿದೀರೋ ಪರೀಕ್ಷೆ ಬರೆಯೋಕೆ ಹೋಗ್ತಿದೀರೋ?" ಎಂದಳು. ಅವನು ನಕ್ಕ. ನಗು ಮುಖದ ಮೇಲೆ ಅಂಟಿಸಿದ ಕಾಗದದಂತೆ ಸ್ವಲ್ಪ ಹೊತ್ತು ನಿಂತು ತಾನಾಗಿ ಉದುರಿತು. ಎಲ್ಲ ಗುಂಡಿಗಳನ್ನೂ ಬಿಚ್ಚಿ ಮೊದಲಿನಿಂದ ಹಾಕಿಕೊಂಡ. ಬಿಚ್ಚಿ ಹಾಕಿಕೊಳ್ಳಬಹುದಾದ ತಪ್ಪುಗಳೆಲ್ಲ ಎಷ್ಟು ಸುಲಭ, ದೇವರೇ, ಎಂದುಕೊಂಡ.

ನಿನ್ನೆ ಫೋನ್ ಮಾಡಿದ್ದವರು ಮೇಷ್ಟ್ರ ಹೆಂಡತಿ. ಕಚೇರಿಯ ಕಿರಿಯರೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಆ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯರು, ಬಂದವರಿಗೆಲ್ಲ ಕೈಹಿಡಿದು ಕಲಿಸಿದವರು, ಅದಕ್ಕೇ ಆ ಹೆಸರು. "ಚುಟುಕಪ್ಪ, ನಾಳೆ ಬರ್ತೀಯೇನಪ್ಪ? ಅವರ ಆ ಡಬ್ಬಿ ತೆಗೀಬೇಕು. ಅಳಿಯಂದಿರು ನೋಡಿದ್ರು, ಆಗ್ಲಿಲ್ಲ" ಎಂದಿದ್ದರು ಅಕ್ಕ. ಮೇಷ್ಟ್ರು ತೀರಿಕೊಂಡಮೇಲೆ ಅವನು ಆ ಮನೆಯ ಕಡೆ ಹೋಗಿರಲಿಲ್ಲ. ಮಣ್ಣಿಗೆ ಹೋಗಿ ಬಂದದ್ದೇ ಕೊನೆ. ಅಕ್ಕನ ದನಿಯಲ್ಲಿ ಅದರ ಬಗ್ಗೆ ಒಂದಿಷ್ಟೂ ಆಕ್ಷೇಪವಿರಲಿಲ್ಲ, ಅದರಿಂದಲೇ ಅವನಿಗೆ ಇನ್ನಷ್ಟು ಅಳುಕಾಯಿತು. ಆ ಡಬ್ಬಿಯಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಅಕ್ಕನ ಕಣ್ಣು ಮಂಜಾಗುತ್ತಾ ಬಂದು ಈಗ ಬೆಳಕು ನೆರಳಷ್ಟೇ ಕಾಣುತ್ತಿದ್ದವು. ಸಂಜೆ ದೀಪ ಹಚ್ಚಿದ ಮೇಲೆ ಮೇಷ್ಟ್ರು ಪ್ರಾರ್ಥನೆಯ ಪುಸ್ತಕವನ್ನು ಓದುವುದು, ಅಕ್ಕ ಕೇಳುವುದು, ಇದು ಆ ಮನೆಯ ನಡಾವಳಿ. ಗಂಟಲಿನ ಶಸ್ತ್ರಚಿಕಿತ್ಸೆಯಾದರೆ ದನಿ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದಾಗ, ಮೇಷ್ಟ್ರು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ದನಿಯನ್ನು ಹಿಡಿದಿಟ್ಟರು. ಬೀಗ ಹಾಕದೆ ಏನನ್ನೂ ಇಡದ ಜೀವ ಅದು. ಪಾಸ್‌ವರ್ಡ್ ಕೊಡದೆ ನಕಲು ಮಾಡಲೂ ಆಗದ, ತಪ್ಪಾದ ಪಾಸ್‌ವರ್ಡನ್ನು ಕೆಲವು ಸಲ ಕೊಟ್ಟರೆ ಒಳಗಿರುವುದನ್ನೆಲ್ಲ ತಾನೇ ಅಳಿಸಿಬಿಡುವ ಒಂದು ಪುಟ್ಟ ಡಬ್ಬಿಯಲ್ಲಿ ಅದನ್ನಿಟ್ಟರು. "ಪಾಸ್‌ವರ್ಡ್ ಕೇಳೋದಕ್ಕೆ ನಿನ್ನ ಪ್ರೋಗ್ರಾಮನ್ನೇ ಹಾಕಿದೀನಿ ಕಣಯ್ಯ, ಪಂದ್ಯ ಗೆದ್ದ ಆ ಚುಟುಕನ್ನ" ಎಂದು ಆಸ್ಪತ್ರೆಗೆ ಸೇರುವ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದರು. ಅವನು ಕೇಳಿದ ಮೇಷ್ಟ್ರ ಕೊನೆಯ ಮಾತು ಅದು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ತೊಡೆಯ ಮೇಲೆ ಬೆರಳಾಡಿಸುತ್ತಿದ್ದ. ಮುಂದಿನ ಸೀಟಿನ ಹೆಂಗಸು ಫೋನಿನಲ್ಲಿ ಏನೋ ಒತ್ತುತ್ತಿದ್ದಳು. ಒಂದೊಂದು ಒತ್ತಿಗೂ ಒಂದೊಂದು ಕರಿ ಚುಕ್ಕಿ. ಅವನು ನೋಡುತ್ತಿದ್ದಾನೆಂದು ತಿಳಿದು ಅವಳು ಫೋನನ್ನು ಎದೆಗೆ ತಿರುಗಿಸಿಕೊಂಡಾಗ ಕಳ್ಳನಂತೆ ಮುಖ ಹೊರಳಿಸಿದ. ಕಚೇರಿಯಲ್ಲಿ ಆ ಪಂದ್ಯ ನಡೆದದ್ದು ಇಂಥದೇ ಒಂದು ಬಿಸಿಲಿನಲ್ಲಿ, ಊಟದ ಬಿಡುವಿನಲ್ಲಿ. ಪಾಸ್‌ವರ್ಡ್ ಒತ್ತಿದಾಗ ಅಕ್ಷರ ಕಾಣದೆ ಬರೀ ಚುಕ್ಕಿ ಕಾಣಬೇಕು. ಅಷ್ಟು ಮಾಡುವ ಪ್ರೋಗ್ರಾಮನ್ನು ಯಾರು ಎಲ್ಲರಿಗಿಂತ ಚಿಕ್ಕದಾಗಿ ಬರೆಯುತ್ತಾರೆ? ಕೈತೊಳೆದು ಬಂದವರೆಲ್ಲ ಮೇಜಿನ ಸುತ್ತ ನಿಂತು, ಒಂದೊಂದು ಅಕ್ಷರ ಕಡಿಮೆಯಾದಾಗಲೂ ಹಬ್ಬದಂತೆ ಕೂಗುತ್ತಿದ್ದರು. ಅವನು ಖಾಲಿ ಜಾಗಗಳನ್ನು ತೆಗೆದ. ಹೆಸರುಗಳನ್ನು ಒಂದಕ್ಷರಕ್ಕಿಳಿಸಿದ. ಎರಡನೆಯ ಸಲ ಕೇಳಿ ಖಚಿತಮಾಡಿಕೊಳ್ಳುವುದನ್ನು ತೆಗೆದ. ಇನ್ನು ಕೀಳಲು ಏನೂ ಇಲ್ಲವೆನ್ನಿಸಿದಾಗ ಕಣ್ಣು ಆ ಸಾಲಿನ ಮೇಲೆ ಬಿತ್ತು: ಬಂದದ್ದು ಅಳಿಸುವ ಗುಂಡಿಯಾದರೆ, ಹಿಂದಿನ ಅಕ್ಷರವನ್ನು ಬಿಡು. ತೆಗೆದ. ಒಂದೇ ಸಲಕ್ಕೆ ಪ್ರೋಗ್ರಾಂ ಹಲ್ಲು ಕಿತ್ತ ಬಾಯಿಯಂತೆ ಕುಗ್ಗಿತು. ಗೆದ್ದ. ಚುಟುಕಪ್ಪ ಎಂಬ ಹೆಸರು ಅವತ್ತೇ ಅಂಟಿತು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಒಂದೊಂದಕ್ಷರವನ್ನೂ ಓದಿ, "ಅಳಿಸಿದರೆ?" ಎಂದರು. "ಅಳಿಸಿದರೂ ಒಂದು ಚುಕ್ಕಿ, ಮೇಷ್ಟ್ರೇ. ಅದನ್ನೂ ಒಂದು ಅಕ್ಷರ ಅಂತಲೇ ಸೇರಿಸಿಕೊಳ್ಳುತ್ತೆ. ತಪ್ಪು ಮಾಡದೇ ಇರೋರಿಗೆ ಬರೆದದ್ದು" ಎಂದ. ಎಲ್ಲರೂ ಗೊಳ್ಳೆಂದರು. ಮೇಷ್ಟ್ರೂ ನಕ್ಕರು, ಆದರೆ ಕನ್ನಡಕವನ್ನು ಮೂಗಿಗೆ ಇಳಿಸಿಕೊಳ್ಳುತ್ತಾ, "ತಪ್ಪು ಮಾಡದೇ ಇರೋನು ನಿನ್ನ ಹತ್ರ ಯಾಕಯ್ಯ ಬರ್ತಾನೆ" ಎಂದರು.

ಅದು ಅಲ್ಲಿಗೇ ಮುಗಿದಿದ್ದರೆ ಈಗ ಅವನು ಹೀಗೆ ತೊಡೆಯ ಮೇಲೆ ಬೆರಳಾಡಿಸುತ್ತಿರಲಿಲ್ಲ. ಬಹಳ ದಿನಗಳ ಮೇಲೆ, ಆಸ್ಪತ್ರೆಯ ಮಾತೆಲ್ಲ ಶುರುವಾದಮೇಲೆ, ಒಂದು ಮಧ್ಯಾಹ್ನ ಮೇಷ್ಟ್ರು ಆ ಪ್ರೋಗ್ರಾಮನ್ನು ಕಳುಹಿಸಿಕೊಡು ಎಂದರು. "ಆ ಅಳಿಸೋ ಸಾಲು ಸೇರಿಸಿದೆಯೇನಯ್ಯ?" "ಹೂಂ." ಆಗ ಅವನು ಇನ್ನೊಬ್ಬರ ಜೊತೆ ಮಾತಾಡುತ್ತಿದ್ದ, ಬಾಯಿ ತಾನಾಗಿ ಅಂದುಬಿಟ್ಟಿತು. ಆಮೇಲೆ ಸೇರಿಸಿ ಕಳುಹಿಸಿದರಾಯಿತು ಎಂದುಕೊಂಡ. ಆದರೆ ಸೇರಿಸಿದರೆ ಅದು ಗೆದ್ದ ಪ್ರೋಗ್ರಾಂ ಆಗಿರುವುದಿಲ್ಲ, ಎಲ್ಲರೂ ಬರೆಯಬಹುದಾದ ಒಂದು ಮಾಮೂಲಿ ಪ್ರೋಗ್ರಾಂ. ಮೇಷ್ಟ್ರ ಯಂತ್ರದಲ್ಲಿ ತನ್ನ ಗೆಲುವು ಇರಬೇಕು, ಮಾಮೂಲಿ ಇರಬಾರದು. ಹಾಗೆಯೇ ಕಳುಹಿಸಿದ. ಈಗ ಆ "ಹೂಂ" ಅವನ ಕಿವಿಯಲ್ಲಿ ಸೊಳ್ಳೆಯಂತೆ ಹತ್ತಿರ ಬಂದು ದೂರ ಹೋಗುತ್ತಿತ್ತು. ಶಸ್ತ್ರಚಿಕಿತ್ಸೆಯಾದಮೇಲೆ ಒಂದೇ ಒಂದು ಸಲ ಆಸ್ಪತ್ರೆಗೆ ಹೋಗಿದ್ದ. ಗಂಟಲಿಗೆ ಬಟ್ಟೆ ಸುತ್ತಿಕೊಂಡು ದಿಂಬಿಗೊರಗಿದ್ದ ಮೇಷ್ಟ್ರು ಅವನನ್ನು ಕಂಡ ಕೂಡಲೇ ಸ್ಲೇಟು ತೆಗೆದುಕೊಂಡು ಬರೆದರು: ಮನೆಗೆ ಬಾ. ಒಂದು ತಮಾಷೆ ಇದೆ. ಅವನು ಓದಿ ತಲೆಯಾಡಿಸಿದ. ಮೇಷ್ಟ್ರು ಅಂಗೈಯಿಂದ ಸ್ಲೇಟನ್ನು ಒರೆಸಿದರು. ಒರೆಸಿದ ಮೇಲೂ ಅಕ್ಷರಗಳ ಬಿಳಿ ನೆರಳು ಕಾಣುತ್ತಿತ್ತು. ದನಿಯಿಲ್ಲದೆ ಬಾಯಿ ತೆರೆದು ಅವರು ನಕ್ಕದ್ದನ್ನು ನೋಡಲಾಗದೆ, ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಎದ್ದು ಬಂದಿದ್ದ. ಮೇಷ್ಟ್ರು ಮನೆಗೆ ಬಂದರು, ಕೆಲವು ವಾರ ಇದ್ದರು. ಅವನು ಹೋಗಲಿಲ್ಲ. ನಾಳೆ ಹೋದರಾಯಿತು, ಈ ಭಾನುವಾರ ಹೋದರಾಯಿತು.

ಬಾಗಿಲು ತೆಗೆದವನು ಅಳಿಯ. ಬೀಗ, ಚಿಲಕ, ಮೊಳೆ ಮಾರುವ ಅಂಗಡಿಯ ಯಜಮಾನ. ಕೈ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. "ಬನ್ನಿ ಬನ್ನಿ, ನಿಮ್ಮ ಬೀಗಕ್ಕೆ ನಾನು ಸೋತೆ ಸಾರ್. ನಾವು ಮಾರೋ ಬೀಗಕ್ಕೆ ಎರಡು ಕೀಲಿಯಾದ್ರೂ ಕೊಡ್ತೀವಪ್ಪ. ಒಂದು ಕಳ್ಕೊಂಡ್ರೆ ಇನ್ನೊಂದು ಇರ್ಲಿ ಅಂತ." ಅವನು ಚಪ್ಪಲಿ ಬಿಡುವಾಗ ಒಂದು ಮಗುಚಿ ಬಿತ್ತು. ಅದನ್ನು ಸರಿಮಾಡುವ ನೆಪದಲ್ಲಿ ಬಗ್ಗಿಯೇ ಇದ್ದ. "ಯಾರು, ಚುಟುಕಪ್ಪನಾ?" ಒಳಗಿನಿಂದ ಅಕ್ಕ ಬಂದರು, ಒಂದು ಕೈ ಗೋಡೆಯ ಮೇಲೆ. "ಸೊರಗಿದೀಯ." "ನಿಮಗೆ ಹೇಗೆ ಗೊತ್ತಾಯ್ತಕ್ಕ?" "ಹೆಜ್ಜೆ ಸದ್ದು ಕಡಿಮೆಯಾಗಿದೆ. ಇಲ್ಲದಿದ್ರೆ ಹೆದರ್ಕೊಂಡು ಬಂದಿರ್ಬೇಕು." ಹೀಗೆ ಹೇಳಿ ನಕ್ಕರು. ಅವನಿಗೆ ಗೋಡೆಯೊಳಗೆ ಹೋಗಿಬಿಡಬೇಕೆನ್ನಿಸಿತು.

ಮೇಷ್ಟ್ರ ಕೋಣೆಯಲ್ಲಿ ಕುರ್ಚಿ ಇನ್ನೂ ಅವರ ಬೆನ್ನಿನ ಆಕಾರದಲ್ಲೇ ಇತ್ತು. ಮೇಜಿನ ಅಂಚಿನಲ್ಲಿ, ಅವರ ಕೈಗಡಿಯಾರದ ಸರಪಳಿ ತಗಲಿ ತಗಲಿ, ಬಣ್ಣ ಹೋಗಿ ಮರ ಕಾಣುತ್ತಿತ್ತು. ಡಬ್ಬಿ ಯಂತ್ರದ ಪಕ್ಕದಲ್ಲಿ ಪುಟ್ಟ ಸೋಪಿನಂತೆ ಬಿದ್ದಿತ್ತು. ಪರದೆ ತೆರೆದಾಗ ಅವನ ಪ್ರೋಗ್ರಾಂ ಏನೂ ಮಾತಾಡದೆ ಒಂದು ಮಿಣುಕುವ ಗೆರೆಯನ್ನು ತೋರಿಸಿತು. ಪಾಸ್‌ವರ್ಡ್ ಕೊಡಿ ಎಂದು ಕೇಳುವ ಮಾತನ್ನೂ ಅವನು ಕತ್ತರಿಸಿದ್ದನಲ್ಲ. ಅದರ ಮೇಲುಗಡೆ ಡಬ್ಬಿಯ ಎಚ್ಚರಿಕೆ: ಇನ್ನು ಎರಡು ಸಲ ಮಾತ್ರ. "ಉಳಿದದ್ದನ್ನೆಲ್ಲ ನಾನು ಮುಗಿಸಿದೆ" ಎಂದ ಅಳಿಯ, ದನಿ ತಗ್ಗಿಸಿ. "ಅತ್ತೆ ಹೇಳಿದ ಹೆಸರನ್ನೇ ಹಾಕಿದೆ ಸಾರ್. ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಹಾಕಿದೆ, ಸಣ್ಣ ಅಕ್ಷರದಲ್ಲಿ ಹಾಕಿದೆ. ಎರಡೇ ಉಳೀತು ಅಂದಾಗ ಕೈ ಕಾಲು ತಣ್ಣಗಾಯ್ತು." ಮೊದಲ ಬಾರಿಗೆ ಅವನಿಗೆ ಅಳಿಯನ ಮೇಲೆ ಪ್ರೀತಿ ಹುಟ್ಟಿತು. ಅಕ್ಕ ಹತ್ತಿರ ಬಂದು, "ನೀವು ಸ್ವಲ್ಪ ಆಚೆ ಮುಖ ಮಾಡಿ" ಎಂದು ಅಳಿಯನಿಗೆ ಹೇಳಿ, ಯಂತ್ರದ ಮುಂದೆ ಕೂತಿದ್ದ ಅವನ ಕಿವಿಯ ಬಳಿ ಬಗ್ಗಿ ಆ ಹೆಸರನ್ನು ಹೇಳಿದರು. ಇಬ್ಬರೇ ಇದ್ದಾಗ ಮೇಷ್ಟ್ರು ಅಕ್ಕನನ್ನು ಕರೆಯುತ್ತಿದ್ದ ಹೆಸರು. ಮುದ್ದಿನ ಹೆಸರು, ಸ್ವಲ್ಪ ಪೆದ್ದು ಹೆಸರು. ನೆರಿಗೆಬಿದ್ದ ಕೆನ್ನೆ ಕೆಂಪಾದದ್ದನ್ನು ಅವನು ನೋಡಬಾರದಿತ್ತು, ನೋಡಿದ. "ನನಗೆ ಹೇಳಿದ್ದನ್ನೇ ಹೇಳಿದೀರಲ್ಲ ಅತ್ತೆ, ಮತ್ತೆ ನಾನ್ಯಾಕೆ ಆಚೆ ಮುಖ ಮಾಡ್ಬೇಕು?" "ನಿಮಗೆ ಹೇಳಿದಾಗಲೇ ನಾಚಿಕೆಯಾಗಿತ್ತು, ಎರಡು ಸಲ ಯಾಕೆ" ಎಂದರು ಅಕ್ಕ.

ಹೆಸರು ಕೇಳಿದ ಕೂಡಲೇ ಅವನಿಗೆ ಎಲ್ಲವೂ ತಿಳಿಯಿತು. ತಿಳಿದದ್ದು ನಿನ್ನೆಯೇ, ಫೋನಿನಲ್ಲಿ "ಆಗ್ಲಿಲ್ಲ" ಎಂದಾಗಲೇ. ಈಗ ಅದು ಬೆರಳಿನವರೆಗೆ ಇಳಿಯಿತು. ಮೇಷ್ಟ್ರ ಎಡಗೈಯ ನಡುಬೆರಳು ಎಂದೋ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು. ಅದು ಒತ್ತಬೇಕಾದ ಗುಂಡಿಯನ್ನು ಬಿಟ್ಟು ಬಲಗಡೆಯ ಗುಂಡಿಗೆ ಜಾರುತ್ತಿತ್ತು, ಪ್ರತಿ ಸಲವೂ ಅಲ್ಲ, ದಣಿದಾಗ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಅವನು ಆ ಬೆರಳನ್ನು ನೋಡಿದ್ದ. ಆ ಬೆರಳಿಗೆ ಬರುವ ಅಕ್ಷರ ಈ ಹೆಸರಿನಲ್ಲಿ ಒಂದಲ್ಲ, ಮೂರು ಕಡೆ ಇತ್ತು. ಆಸ್ಪತ್ರೆಗೆ ಸೇರುವ ಹಿಂದಿನ ದಿನದ ಸಂಜೆ, ದಣಿದ ಕೈ, ಒಂದು ಕಡೆ ಜಾರಿದೆ. ಮೇಷ್ಟ್ರು ಅಳಿಸಿದ್ದಾರೆ. ಅಕ್ಷರ ಹೋಗಿಲ್ಲ, ಅಳಿಸಿದ್ದೂ ಹೆಸರಿನೊಳಗೆ ಸೇರಿಕೊಂಡಿದೆ. ಈಗ ಯಾರು ತಪ್ಪಿಲ್ಲದೆ ಆ ಹೆಸರನ್ನು ಒತ್ತಿದರೂ ಬಾಗಿಲು ತೆರೆಯದು. ಎಲ್ಲಿ ತಪ್ಪಿದ್ದರೋ ಅಲ್ಲೇ ತಪ್ಪಬೇಕು, ಎಷ್ಟು ಅಳಿಸಿದ್ದರೋ ಅಷ್ಟೇ ಅಳಿಸಬೇಕು. ಇದನ್ನು ಈಗ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದರೆ ಅಳಿಯ ಕೇಳುತ್ತಾನೆ: ಆ ಸಾಲು ಯಾಕಿಲ್ಲ? ಅಕ್ಕ ಕೇಳುತ್ತಾರೆ: ಅವರಿಗೆ ಗೊತ್ತಿರಲಿಲ್ಲವೇ? ಆಗ "ಹೂಂ" ಹೊರಗೆ ಬರಬೇಕು. ಎರಡು ಸಲ ಇದೆಯಲ್ಲ ಎಂದು ಅವನೊಳಗೆ ಯಾವುದೋ ಒಂದು ಪಿಸುಗುಟ್ಟಿತು. ಮೊದಲ ಜಾಗದಲ್ಲೇ ಬೆರಳು ಜಾರಿರಬೇಕು. ಕೂತ ಕೂಡಲೇ ಕೈ ಬಿಗಿಯಾಗಿರುತ್ತದೆ. ತೆರೆದುಕೊಂಡರೆ ಯಾರೂ ಏನೂ ಕೇಳುವುದಿಲ್ಲ. ಚುಟುಕಪ್ಪ ಭಾರಿ ಬುದ್ಧಿವಂತ ಎನ್ನುತ್ತಾರೆ, ಅಷ್ಟೆ. ಅವನು ಒತ್ತಿದ. ಚುಕ್ಕಿ, ಚುಕ್ಕಿ. ಬೇಕೆಂದೇ ತಪ್ಪು ಗುಂಡಿ. ಚುಕ್ಕಿ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಅದು ಹಾವಿನ ತಲೆಯಂತೆ ತಣ್ಣಗಿತ್ತು. ಚುಕ್ಕಿ. ಉಳಿದದ್ದನ್ನು ಮುಗಿಸಿ ಎಂಟರ್ ಒತ್ತಿದ.

ಇನ್ನು ಒಂದು ಸಲ ಮಾತ್ರ.

ಹಿಂದಿನಿಂದ ಅಳಿಯನ ಉಸಿರು ನಿಂತದ್ದು ಕೇಳಿಸಿತು. "ಏನಾಯ್ತು?" ಎಂದರು ಅಕ್ಕ. "ಏನಾಯ್ತಪ್ಪ? ಸುಮ್ಮನಿದ್ರೆ ನನಗೆ ಕಾಣಲ್ಲ." ಅವನು ಕುರ್ಚಿಯಿಂದ ಎದ್ದ. ಮೇಷ್ಟ್ರ ದನಿಯನ್ನು ಒಂದು ಸಲ ವೈದ್ಯರು ಕತ್ತರಿಸಿದರು, ಈಗ ಎರಡನೆಯ ಸಲ ಕತ್ತರಿಸಲು ತಾನು ಬಂದಿದ್ದೇನೆ ಎನ್ನಿಸಿತು. ಇಲ್ಲಿಂದ ಓಡಿಹೋಗಬಹುದು. ಡಬ್ಬಿ ಕೆಟ್ಟಿದೆ, ಏನೂ ಮಾಡಲಾಗದು ಎನ್ನಬಹುದು. ಅಕ್ಕ ನಂಬುತ್ತಾರೆ, ನಂಬಿ ಟೀ ಕೊಟ್ಟು ಕಳುಹಿಸುತ್ತಾರೆ. ಆ ಟೀಯ ರುಚಿ ಈಗಲೇ ಬಾಯಲ್ಲಿ ಕಹಿಯಾಗಿ ಬಂತು. ಅವನು ಮತ್ತೆ ಕೂತ.

"ಅಕ್ಕ, ಆ ಪ್ರೋಗ್ರಾಮಿನಲ್ಲಿ ಒಂದು ಸಾಲಿಲ್ಲ" ಎಂದ. ದನಿ ಬೇರೆ ಯಾರದ್ದೋ ಇದ್ದಂತಿತ್ತು. "ತಪ್ಪಿದರೆ ಅಳಿಸೋ ಸಾಲು. ಚಿಕ್ಕದು ಮಾಡ್ಬೇಕು ಅಂತ ನಾನೇ ಕಿತ್ತುಹಾಕಿದ್ದೆ. ಅಳಿಸಿದರೆ ಅಳಿಸಿದ್ದನ್ನೂ ಅದು ಸೇರಿಸಿಕೊಳ್ಳುತ್ತೆ. ಮೇಷ್ಟ್ರು ಎಲ್ಲೋ ಒಂದು ಕಡೆ ತಪ್ಪಿ ಅಳಿಸಿದ್ದಾರೆ."

"ಅಂದ್ರೆ ನಾನು ಸರಿಯಾಗಿ ಹಾಕಿದ್ದಕ್ಕೇ ತಪ್ಪು ಅಂತಾ?" ಎಂದ ಅಳಿಯ.

"ಹೌದು."

"ಭೇಷ್! ಇಂಥ ಬೀಗ ನಮ್ಮಂಗಡೀಲಿ ಮಾರಿದ್ರೆ ಜನ ನನ್ನನ್ನೇ ಒಳಗೆ ಹಾಕಿ ಬೀಗ ಹಾಕ್ತಿದ್ರು."

"ಸ್ವಲ್ಪ ಸುಮ್ಮನಿರಿ" ಎಂದರು ಅಕ್ಕ. ಅವನು ಮೇಜಿನ ಸವೆದ ಅಂಚನ್ನೇ ನೋಡುತ್ತಾ ಉಳಿದದ್ದನ್ನೂ ಹೇಳಿದ. "ಮೇಷ್ಟ್ರು ಕೇಳಿದ್ದರು, ಆ ಸಾಲು ಸೇರಿಸಿದೆಯಾ ಅಂತ. ಹೂಂ ಅಂದೆ. ಸೇರಿಸಿರಲಿಲ್ಲ ಅಕ್ಕ. ಸುಳ್ಳು ಹೇಳಿದೆ." ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಹೊಡೆದುಕೊಂಡು ಹೋದರು. ಬಯ್ಗುಳಕ್ಕೆ ಕತ್ತು ಬಗ್ಗಿಸಿ ಕೂತಿದ್ದ ಅವನಿಗೆ ಅಕ್ಕನ ಕೈ ಹೆಗಲನ್ನು ತಡಕಿ, ಸಿಕ್ಕಿ, ಅಲ್ಲಿ ನಿಂತದ್ದು ತಿಳಿಯಿತು.

"ಅದಾ? ಅದಕ್ಕೇ ಅವರು ಕಳ್ಳ ಅಂದದ್ದು" ಎಂದರು ಅಕ್ಕ.

"ಯಾರು?"

"ಅವರೇ. ಅವತ್ತು ಸಂಜೆ ನಾನು ಇಲ್ಲೇ ಮಂಚದ ಮೇಲೆ ಕೂತಿದ್ದೆ. ನಾಳೆಯಿಂದ ದನಿ ಇರಲ್ಲ ಅಂತ ಅವರ ಒಂದೊಂದು ಸದ್ದನ್ನೂ ಕೇಳ್ತಾ ಇದ್ದೆ. ಒತ್ತುತ್ತಾ ಒತ್ತುತ್ತಾ 'ಛೆ' ಅಂದ್ರು. ತಪ್ಪಿದಾಗ ಅವರು ಅನ್ನೋದೇ ಹಾಗೆ. ಆಮೇಲೆ ಗಡಿಯಾರದ ಸರಪಳಿ ಮೇಜಿಗೆ ತಗಲ್ತು. ಆಮೇಲೆ ಸದ್ದೇ ಇಲ್ಲ. ನನಗೆ ಭಯ ಆಯ್ತು. ಏನಾಯ್ತು ಅಂದೆ. ಜೋರಾಗಿ ನಕ್ಕುಬಿಟ್ರು. ಕಳ್ಳ, ಸೇರಿಸೇ ಇಲ್ಲ ಅಂದ್ರು. ಯಾರು ಕಳ್ಳ ಅಂದೆ. ನಮ್ಮ ಚುಟುಕಪ್ಪ, ಇರ್ಲಿ ಬಿಡು, ಇದನ್ನ ತೆಗೆಯೋದಕ್ಕೆ ಅವನೇ ಬರ್ಬೇಕಾಗುತ್ತೆ, ಬರ್ಲಿ ಅಂದು ಮತ್ತೆ ಒತ್ತಿ ಮುಗಿಸಿದ್ರು. ಆಸ್ಪತ್ರೆಯಿಂದ ಬಂದಮೇಲೆ ಅವರು ಬರೆದದ್ದು ನನಗೆ ಕಾಣ್ತಿರ್ಲಿಲ್ಲ, ನನಗೆ ಹೇಳೋದಕ್ಕೆ ಅವರಿಗೆ ದನಿ ಇರ್ಲಿಲ್ಲ. ಡಬ್ಬಿ ತೆಗೀಲಾ ಅಂತ ನನ್ನ ಕೈಗೆ ಕೊಡ್ತಿದ್ರು, ನೀವು ಎದುರಿಗಿರೋವಾಗ ಅದ್ಯಾಕೆ ಅಂತ ನಾನೇ ಬೇಡ ಅಂದೆ. ಸಾಯಂಕಾಲ ಆದ್ರೆ ಬಾಗಿಲ ಕಡೆ ಕುರ್ಚಿ ಎಳೆದು ಕೂರೋರು. ಯಾರಿಗೆ ಕಾಯ್ತಿದೀರಿ ಅಂದ್ರೆ ನನ್ನ ಅಂಗೈ ಮೇಲೆ ಬೆರಳಿಂದ ಒಂದು ಚುಕ್ಕಿ ಇಡೋರು."

ಅವನಿಗೆ ಸ್ಲೇಟು ಕಂಡಿತು. ಒಂದು ತಮಾಷೆ ಇದೆ. ಯಾವುದು ಬಯಲಾದೀತೆಂದು ಇಷ್ಟು ದಿನ ಈ ಬೀದಿಯನ್ನೇ ತಪ್ಪಿಸಿ ನಡೆದಿದ್ದನೋ ಅದು ಇದೇ ಕುರ್ಚಿಯಲ್ಲಿ ಆಗಲೇ ಬಯಲಾಗಿ, ನಗುವಾಗಿ, ಮುಗಿದುಹೋಗಿತ್ತು. ತಿಳಿದವರು ಬಾಗಿಲ ಕಡೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಅದು ಬಯ್ಗುಳಕ್ಕಿಂತ ಭಯಂಕರವಾಗಿತ್ತು; ಬಯ್ಗುಳವಾದರೆ ತಲೆ ತಗ್ಗಿಸಿ ತೆಗೆದುಕೊಳ್ಳಬಹುದು, ಖಾಲಿ ಬಾಗಿಲನ್ನು ನೋಡುತ್ತಾ ಕೂತವರ ಮುಂದೆ ಏನು ಮಾಡುವುದು? ಆದರೆ ಪರದೆಯ ಮೇಲೆ ಗೆರೆ ಮಿಣುಕುತ್ತಲೇ ಇತ್ತು. ಇನ್ನು ಒಂದು ಸಲ. "ಅಕ್ಕ, 'ಛೆ' ಅಂದದ್ದು ಎಷ್ಟು ಒತ್ತಿದಮೇಲೆ?"

ಅಕ್ಕ ಅವನ ಹೆಗಲಿನ ಮೇಲೆಯೇ ಬೆರಳಿನಿಂದ ತಟ್ಟಿದರು. ಕಣ್ಣು ಮುಚ್ಚಿದ್ದರು, ಮುಚ್ಚುವ ಅಗತ್ಯವಿಲ್ಲದಿದ್ದರೂ. ಟಕ್, ಟಕ್. ತುಸು ತಡೆದು ಮತ್ತೆ ಟಕ್ ಟಕ್ ಟಕ್. "ಇಲ್ಲಿ ಛೆ." ಸ್ವಲ್ಪ ಬಿಟ್ಟು, "ಇಲ್ಲಿ ಸರಪಳಿ. ಆಮೇಲೆ ಮೂಲೆಯ ದೊಡ್ಡ ಗುಂಡಿ, ಒಂದೇ ಒಂದು ಸಲ." ಅವನು ಮನಸ್ಸಿನಲ್ಲಿ ಆ ಪೆದ್ದು ಹೆಸರನ್ನು ಅಕ್ಷರ ಅಕ್ಷರವಾಗಿ ಆ ತಟ್ಟುವಿಕೆಯ ಮೇಲೆ ಕೂರಿಸಿ ನೋಡಿದ. ಛೆ ಬಿದ್ದದ್ದು ಸೊಟ್ಟ ಬೆರಳಿನ ಅಕ್ಷರ ಎರಡನೆಯ ಬಾರಿ ಬರುವ ಕಡೆ. ಕೂತುಕೊಂಡಿತು. ಕೂತುಕೊಂಡಿತೇ? ಇನ್ನೊಂದು ಸಲ ತಟ್ಟಿಸಿದ. ಅದೇ. "ತಪ್ಪಿದ್ದರೆ ಎಲ್ಲ ಹೋಗುತ್ತೆ ಅಕ್ಕ" ಎಂದ. "ಹೋದ್ರೆ ಹೋಗುತ್ತೆ. ನಾನು ಅವರ ಜೊತೆ ಇದ್ದದ್ದು ಹೋಗುತ್ತಾ? ಒತ್ತು" ಎಂದರು ಅಕ್ಕ. ಆದರೆ ಹೆಗಲಿನ ಮೇಲಿದ್ದ ಬೆರಳುಗಳು ಶರ್ಟನ್ನು ಹಿಡಿದುಕೊಂಡಿದ್ದವು.

ಅಳಿಯ ಸದ್ದಿಲ್ಲದೆ ಹೋಗಿ ಫ್ಯಾನ್ ನಿಲ್ಲಿಸಿದ. ಅವನು ಮೇಷ್ಟ್ರು ಕೂರುತ್ತಿದ್ದಂತೆ ಎಡಕ್ಕೆ ವಾಲಿ ಕೂತ. ಚುಕ್ಕಿ, ಚುಕ್ಕಿ. ಬೆವರು ರೆಪ್ಪೆಯಿಂದ ಇಳಿದು ಪರದೆ ಮಂಜಾಯಿತು. ಅಕ್ಕನಿಗೆ ಕಾಣುವುದು ಹೀಗೆಯೇ ಏನೋ. ಚುಕ್ಕಿ, ಚುಕ್ಕಿ. ಈಗ ನಡುಬೆರಳನ್ನು ಸೊಟ್ಟ ಮಾಡಿ ಬಲಕ್ಕೆ ಜಾರಿಸಿದ. ಚುಕ್ಕಿ. "ಛೆ" ಎಂದರು ಅಕ್ಕ, ತಮಗೇ ತಿಳಿಯದಂತೆ. ಕೈಯನ್ನು ಮೇಲೆತ್ತಿ ಮೂಲೆಗೆ ಒಯ್ದು ಅಳಿಸುವ ಗುಂಡಿಯನ್ನು ಒತ್ತಿದ. ಚುಕ್ಕಿ ಕಡಿಮೆಯಾಗಲಿಲ್ಲ, ಒಂದು ಹೆಚ್ಚಾಯಿತು. ಇಲ್ಲಿ ಮೇಷ್ಟ್ರು ನಕ್ಕದ್ದು. ಅವನಿಗೆ ನಗು ಬರಲಿಲ್ಲ. ಮತ್ತೆ ಸರಿಯಾದ ಅಕ್ಷರ, ಉಳಿದ ಅಕ್ಷರಗಳು. ದೇವರೇ, ಎಂದ, ಎಂಟರ್ ಒತ್ತಿದ.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಎಲ್ಲವನ್ನೂ ಅಳಿಸುವಾಗಲೂ ಹೀಗೆಯೇ ಕಪ್ಪಾಗುತ್ತದೆಯೇ ಎಂದು ಅವನಿಗೆ ತಿಳಿದಿರಲಿಲ್ಲ. ಹೆಗಲಿನ ಮೇಲಿನ ಹಿಡಿತ ಬಿಗಿಯಾಯಿತು.

ಆಮೇಲೆ ಯಾರೋ ಕೆಮ್ಮಿದರು. ಕೋಣೆಯಲ್ಲಿದ್ದವರು ಯಾರೂ ಅಲ್ಲ. ಪುಸ್ತಕದ ಹಾಳೆ ತಿರುಗಿದ ಸದ್ದು, ಕುರ್ಚಿ ಕಿರುಗುಟ್ಟಿದ ಸದ್ದು. ಒರಟಾದ, ಆಗಲೇ ಅರ್ಧ ಹೋಗಿದ್ದ ದನಿಯೊಂದು ಮೊದಲ ಸಾಲನ್ನು ಓದತೊಡಗಿ, ನಡುವೆ ಒಂದು ಮಾತಿನಲ್ಲಿ ಎಡವಿತು. "ಛೆ" ಎಂದಿತು. ಸಾಲಿನ ಮೊದಲಿಗೆ ಹೋಗಿ ಮತ್ತೆ ಓದಿತು.

ಅಕ್ಕ ಮಂಚದ ಅಂಚನ್ನು ತಡಕಿ ಕೂತರು. ಅವರ ತುಟಿಗಳು ದನಿಯ ಹಿಂದೆ ಹಿಂದೆ ಅಲುಗುತ್ತಿದ್ದವು. ಅಳಿಯ ಗೋಡೆಗೆ ತಿರುಗಿಕೊಂಡು ನಿಂತಿದ್ದ, ಈ ಸಲ ಯಾರೂ ಹೇಳದೆಯೇ. ಅವನ ಬೆರಳು ಎಂಟರಿನಿಂದ ತಾನಾಗಿ ಸರಿದು ಮೂಲೆಯ ಆ ಉದ್ದ ಗುಂಡಿಯ ಮೇಲೆ ಹೋಗಿ ಕೂತಿತ್ತು. ಒತ್ತಿಹೋದೀತೆಂಬ ಹೆದರಿಕೆಯಿಂದ ಎತ್ತಲೂ ಆಗದೆ, ಹಾಗೆಯೇ ಬಿಡಲೂ ಆಗದೆ, ಬಾಗಿಲಿಗೆ ಬೆನ್ನು ಮಾಡಿ, ಮೇಷ್ಟ್ರು ಓದಿ ಮುಗಿಸುವವರೆಗೂ ಅವನು ಕೂತೇ ಇದ್ದ.